ಭಾಬಿ ಎಂದರೆ ಅತ್ತಿಗೆ

ಹಳೇ ದಾಂಡೇಲಿ
9 ಜೂನ್ 2025

ಮಕ್ಕಳ ಕ್ಷೇಮ ವರದಿ ಶಾಖೆಯ ದೂರು ಅಧಿಕಾರಿಗಳಿಗೆ,

ನನ್ನ ಹೆಸರು ಮೆಹರೀನ. ಕಾಗದದ ಮಿಲ್ಲಿನಿಂದ ನಿವೃತ್ತರಾದ ಮಲಿಕಸಾಬರ ಮಗಳು. ಶಾಲೆಯ ಮಕ್ಕಳಿಗೆ ಸಮವಸ್ತ್ರ ಹೊಲಿಯುತ್ತೇನೆ. ನನ್ನ ಮಗಳು ಉಜ್ಮಾಗೆ ಐದು ವರ್ಷ ನಾಲ್ಕು ತಿಂಗಳು. ಅವಳು ಮುಂಡಗೋಡದಲ್ಲಿ ತಂದೆ ನದೀಮ ಮತ್ತು ಅಜ್ಜಿ ಅಮೀನಾಬಿಯವರ ಮನೆಯಲ್ಲಿದ್ದಾಳೆ. ನದೀಮನಿಗೂ ನನಗೂ ತಲಾಕ್ ಆಗಿದೆ. ಮಗಳನ್ನು ನನ್ನ ಸುಪರ್ದಿಗೆ ಕೊಡಿ ಎಂದು ಕೌಟುಂಬಿಕ ನ್ಯಾಯಾಲಯದಲ್ಲಿ ಕೇಸು ಹಾಕಿದ್ದೇನೆ. ಮಗು ಎಲ್ಲಿದ್ದರೆ ಒಳ್ಳೆಯದು ಎಂದು ನೋಡಿ ವರದಿ ಕೊಡಲು ನ್ಯಾಯಾಧೀಶರು ನಿಮ್ಮ ಶಾಖೆಗೆ ಹೇಳಿದ್ದರು.

ನೀವು ಕೊಟ್ಟ ವರದಿ ಸುಳ್ಳು. ಅದರ ನಾಲ್ಕನೇ ಪುಟದಲ್ಲಿ ಹೀಗಿದೆ: “ಮಗುವು ಅರ್ಜಿದಾರರನ್ನು ಭಾಬಿ ಎಂದು ಕರೆಯಿತು. ಭಾಬಿ ಎಂದರೆ ಅತ್ತಿಗೆ. ಅಜ್ಜಿಯನ್ನು ಮಾತ್ರ ಅಮ್ಮಾ ಎಂದು ಕರೆಯಿತು. ಅರ್ಜಿದಾರರು ತನ್ನ ತಾಯಿ ಎಂಬ ತಿಳಿವಳಿಕೆ ಮಗುವಿನಲ್ಲಿ ಕಂಡುಬರಲಿಲ್ಲ.”

ಆ ಮನೆಯಲ್ಲಿ ನನ್ನ ಮೈದುನ ಆಕಿಬ ನನ್ನನ್ನು ಭಾಬಿ ಎನ್ನುತ್ತಿದ್ದ. ಎದುರು ಮನೆಯವರೂ ಭಾಬಿ ಎನ್ನುತ್ತಿದ್ದರು. ಮಗು ಮಾತು ಕಲಿತದ್ದು ಅವರ ಬಾಯಿಂದ. ಅವರೆಲ್ಲ ಅಮೀನಾಬಿಯನ್ನು ಅಮ್ಮಾ ಎಂದರು, ಅದೂ ಅಂದಿತು. ಅವರೆಲ್ಲ ನನ್ನನ್ನು ಭಾಬಿ ಎಂದರು, ಅದೂ ಅಂದಿತು. ನನ್ನ ಮಗಳಿಗೆ ಭಾಬಿ ಎಂದರೆ ತಾಯಿ. ನಮ್ಮ ಓಣಿಯಲ್ಲಿ ಇಂಥ ಮನೆಗಳು ಹತ್ತಾದರೂ ಸಿಗುತ್ತವೆ.

ಮೇ ತಿಂಗಳಲ್ಲಿ ಮುಂಡಗೋಡಕ್ಕೆ ಬಂದವರು ಹಳದಿ ಛತ್ರಿ ಹಿಡಿದ ಒಬ್ಬ ಸಾಹೇಬರು. ಕೂತದ್ದು ಇಪ್ಪತ್ತು ನಿಮಿಷ. ಮಗಳನ್ನು ನೋಡಲು ಅವತ್ತು ಅಲ್ಲಿಗೆ ಹೋಗಿದ್ದ ನಾನು ಅವರ ಹೆಸರು ಕೇಳಿದೆ. “ವರದಿಯಲ್ಲಿ ಇರ್ತದೆ” ಎಂದರು. ವರದಿಯಲ್ಲಿ ಇರುವುದು ಓದಲು ಬಾರದ ಗೀಚು ಸಹಿ. ಅಮೀನಾಬಿ ಅಲ್ಲೇ ಕೂತಿದ್ದರು, ಅವರಿಗೆ ಎಲ್ಲ ಗೊತ್ತಿತ್ತು, ಬಾಯಿ ಬಿಡಲಿಲ್ಲ. ಅವರು ಬಿಡದಿದ್ದರೆ ಬೇಡ. ನಿಮ್ಮ ಸಾಹೇಬರಿಗೆ ಕೇಳಲು ಏನಾಗಿತ್ತು?

ಜುಲೈ 21ಕ್ಕೆ ಮುಂದಿನ ತಾರೀಖು ಇದೆ. ಅಷ್ಟರೊಳಗೆ ಆ ಸಾಲುಗಳನ್ನು ತಿದ್ದಿ ಕೋರ್ಟಿಗೆ ಕಳಿಸಬೇಕು. ಫೋನ್ ಮಾಡಿದರೆ “ಬರೆದು ಕೊಡಿ” ಎಂದರು. ಬರೆದಿದ್ದೇನೆ.

ಮೆಹರೀನ

*

ಮಕ್ಕಳ ಕ್ಷೇಮ ವರದಿ ಶಾಖೆ
27 ಜೂನ್ 2025

ಮಾನ್ಯರೇ,

ತಮ್ಮ ಮನವಿಯನ್ನು ಸ್ವೀಕರಿಸಲಾಗಿದೆ. ದೂರನ್ನು ನಿಗದಿತ ನಮೂನೆಯಲ್ಲಿ, ಮೂರು ಪ್ರತಿಗಳಲ್ಲಿ, ಮಗುವಿನೊಂದಿಗೆ ತಮಗಿರುವ ಸಂಬಂಧವನ್ನು ದೃಢೀಕರಿಸುವ ದಾಖಲೆಯೊಂದಿಗೆ ಸಲ್ಲಿಸತಕ್ಕದ್ದು. ‘ಸುಳ್ಳು’ ಮುಂತಾದ ಪದಗಳನ್ನು ಬಳಸದಿರಲು ಸೂಚಿಸಿದೆ. ಪ್ರಕರಣವು ನ್ಯಾಯಾಲಯದ ಮುಂದಿರುವುದರಿಂದ ವರದಿಯ ಬಗ್ಗೆ ಈ ಕಚೇರಿಗೆ ಅಭಿಪ್ರಾಯ ವ್ಯಕ್ತಪಡಿಸಲು ಅವಕಾಶವಿರುವುದಿಲ್ಲ.

ಮಹಾಬಳೇಶ್ವರ ಹೆಗಡೆ
ದೂರು ಅಧಿಕಾರಿ

*

ಹಳೇ ದಾಂಡೇಲಿ
2 ಜುಲೈ 2025

ಹೆಗಡೆ ಸಾಹೇಬರೇ,

ಸಂಬಂಧದ ದಾಖಲೆ ಬೇಕಂತೆ! ಮಗಳ ಜನನ ಪ್ರಮಾಣಪತ್ರ ಇಟ್ಟಿದ್ದೇನೆ, ಮೂರು ಪ್ರತಿ. ತಾಯಿಯ ಹೆಸರು ಎಂಬಲ್ಲಿ ಅತ್ತಿಗೆ ಎಂದೇನೂ ಬರೆದಿಲ್ಲ, ಬೇಕಾದರೆ ಕನ್ನಡಕ ಹಾಕಿಕೊಂಡು ನೋಡಿ.

ನಿಮ್ಮ ಪತ್ರವನ್ನು ಅಪ್ಪನಿಗೆ ಓದಿ ಹೇಳಿದೆ. “ಸುಳ್ಳ ಅನ್ಬಾರ್ದಂತ? ಮತ್ತೇನ ಅನ್ಬೇಕಂತ ಕೇಳು” ಎಂದರು. ಆಯಿತು, ಸುಳ್ಳು ಎನ್ನುವುದಿಲ್ಲ. ಅಡ್ಡಾದಿಡ್ಡಿ ಎನ್ನುತ್ತೇನೆ.

ಇನ್ನೊಂದು ವಿಷಯ. ನದೀಮ ಇವತ್ತಿಗೂ ತನ್ನ ತಾಯಿ ಅಮೀನಾಬಿಯನ್ನು ಆಪಾ ಎಂದೇ ಕರೆಯುತ್ತಾನೆ. ಚಿಕ್ಕವನಿದ್ದಾಗ ಚಿಕ್ಕಮ್ಮಂದಿರ ಬಾಯಿಂದ ಕಲಿತದ್ದು. ಆಪಾ ಎಂದರೆ ಅಕ್ಕ. ಹಾಗಾದರೆ ಅಮೀನಾಬಿ ನದೀಮನ ಅಕ್ಕ ಎಂದೂ ಬರೆಯಿರಿ. ಮಗುವಿಗೆ ಅವರು ಅಜ್ಜಿಯೇ ಅಲ್ಲ, ಸೋದರತ್ತೆ ಎಂದಾಗುತ್ತದೆ. ಒಂದೇ ಮನೆಯಲ್ಲಿ ಒಬ್ಬರಿಗೊಂದು ನ್ಯಾಯ, ಇನ್ನೊಬ್ಬರಿಗೊಂದು ನ್ಯಾಯ ಯಾಕೆ?

ನಿಮ್ಮ ಹೆಸರು ನೋಡಿದರೆ ನೀವು ಗೋಕರ್ಣ, ಕುಮಟಾ ಕಡೆಯವರು ಇರಬೇಕು. ನಿಮ್ಮ ಕಡೆ ತಾಯಿಯನ್ನು ಆಯಿ ಎನ್ನುತ್ತಾರೆ. ನಮ್ಮ ಕಡೆ ಆಯಿ ಎಂದರೆ ಅಜ್ಜಿ. ನೀವು ಐದು ವರ್ಷದವರಿದ್ದಾಗ ಹಳಿಯಾಳದ ಸಾಹೇಬನೊಬ್ಬ ನಿಮ್ಮ ಮನೆಗೆ ಬಂದು, “ಈ ಹುಡುಗನಿಗೆ ತಾಯಿಯೇ ಇಲ್ಲ, ಬರೀ ಅಜ್ಜಿ ಇದ್ದಾಳೆ” ಎಂದು ಬರೆದುಕೊಂಡು ಹೋಗಿದ್ದರೆ ನಿಮ್ಮ ತಾಯಿ ಸುಮ್ಮನೆ ಕೂಡುತ್ತಿದ್ದರೇ?

ತಾರೀಖು 21ಕ್ಕೆ. ನೆನಪಿರಲಿ.

ಮೆಹರೀನ

*

ಮಕ್ಕಳ ಕ್ಷೇಮ ವರದಿ ಶಾಖೆ
19 ಆಗಸ್ಟ್ 2025

ಮಾನ್ಯರೇ,

ತಮ್ಮ ದೂರನ್ನು ದಾಖಲಿಸಲಾಗಿದೆ. ಸದರಿ ವರದಿ ಸಿದ್ಧಪಡಿಸಿದ ಸಿಬ್ಬಂದಿಯಿಂದ ಲಿಖಿತ ವಿವರಣೆ ಕೇಳಲಾಗಿದೆ. ವಿವರಣೆ ಬಂದ ನಂತರ ಪರಿಶೀಲಿಸಲಾಗುವುದು. ಏತನ್ಮಧ್ಯೆ ತಮ್ಮ ವಾಸಸ್ಥಳಕ್ಕೆ ಪೂರ್ವಸೂಚನೆಯಿಲ್ಲದೆ ಭೇಟಿ ನೀಡಲಾಗುವುದು.

ಜುಲೈ 21ರ ವಿಚಾರಣೆಯೊಳಗೆ ಉತ್ತರಿಸಲು ಸಿಬ್ಬಂದಿ ಕೊರತೆಯಿಂದ ಸಾಧ್ಯವಾಗಿರುವುದಿಲ್ಲ.

ಮಹಾಬಳೇಶ್ವರ ಹೆಗಡೆ
ದೂರು ಅಧಿಕಾರಿ

*

ಮಕ್ಕಳ ಕ್ಷೇಮ ವರದಿ ಶಾಖೆ
9 ಸೆಪ್ಟೆಂಬರ್ 2025

ಮಾನ್ಯರೇ,

ದಿನಾಂಕ 28-8-2025ರಂದು ಈ ಶಾಖೆಯ ಗುಮಾಸ್ತರು ತಮ್ಮ ಮನೆಗೆ ಭೇಟಿ ನೀಡಿದಾಗ ಬೀಗ ಹಾಕಿದ್ದು ಕಂಡುಬಂದಿದೆ. ನೆರೆಯವರನ್ನು ವಿಚಾರಿಸಲಾಗಿ, ಅವರ ಹೇಳಿಕೆಯನ್ನು ಯಥಾವತ್ತಾಗಿ ಕೆಳಗೆ ನೀಡಿದೆ: “ಆಕಿ ಹಿಂದ ಗೋವಾಕ್ಕ ಹೋಗಿದ್ಲರಿ, ಮಗೂನ ಬಿಟ್ಟು. ವರ್ಷ ಆಗಿತ್ತೇನೋ. ಈಗ ಎಲ್ಲಿ ಹೋಗ್ಯಾಳೋ ಗೊತ್ತಿಲ್ಲ.”

ತಮ್ಮ ದೂರಿನಲ್ಲಿ ಈ ಅಂಶವನ್ನು ತಿಳಿಸಿರುವುದಿಲ್ಲ. ಹತ್ತು ದಿನಗಳೊಳಗೆ ಸಮಜಾಯಿಷಿ ನೀಡುವುದು.

ಮಹಾಬಳೇಶ್ವರ ಹೆಗಡೆ

*

ಹಳೇ ದಾಂಡೇಲಿ
14 ಸೆಪ್ಟೆಂಬರ್ 2025

ಸಾಹೇಬರೇ,

ಇಪ್ಪತ್ತೆಂಟರಂದು ನಾನು ಹಳಿಯಾಳಕ್ಕೆ ಸಮವಸ್ತ್ರ ಕೊಡಲು ಹೋಗಿದ್ದೆ. ಅಪ್ಪ ಆಸ್ಪತ್ರೆಯಲ್ಲಿ ಸಾಲು ಹಚ್ಚಿದ್ದರು. ಮುಂಚೆ ಹೇಳಿದ್ದರೆ ಇಬ್ಬರೂ ಬಾಗಿಲಲ್ಲೇ ನಿಂತಿರುತ್ತಿದ್ದೆವು. ಹೇಳದೆ ಬರುತ್ತೀರಿ, ಬೀಗ ಕಂಡರೆ ಅದನ್ನೂ ನನ್ನ ಮೇಲೇ ಬರೆಯುತ್ತೀರಿ.

ಗೋವಾದ ಮಾತು ನಿಜ. ನಾನು ಮುಚ್ಚಿಟ್ಟೆ. ತಲಾಕ್ ಆದ ಮೇಲೆ ಕೈಯಲ್ಲಿ ಹೊಲಿಗೆ ಯಂತ್ರ ಸಹ ಇರಲಿಲ್ಲ. ಅಪ್ಪನಿಗೆ ದಮ್ಮು. ಮಡಗಾಂವದಲ್ಲಿ ಬಟ್ಟೆ ಹೊಲಿಯುವ ಕೆಲಸ ಇದೆ ಎಂದರು, ಹೋದೆ. ಹನ್ನೊಂದು ತಿಂಗಳು. ಮಗಳಿಗೆ ಆಗ ಮೂರು ವರ್ಷ. ಒಂದು ಖೋಲಿಯಲ್ಲಿ ಏಳು ಹೆಂಗಸರು ಮಲಗುತ್ತಿದ್ದೆವು, ಅಲ್ಲಿಗೆ ಅವಳನ್ನು ಹೇಗೆ ಒಯ್ಯಲಿ? ಅಮೀನಾಬಿ “ನಾ ನೋಡ್ಕೋತೇನಿ, ನೀ ಹೋಗ್ಬಾ” ಎಂದರು. ನೋಡಿಕೊಂಡರು, ಅದನ್ನು ಇಲ್ಲ ಎನ್ನುವುದಿಲ್ಲ. ವಾಪಸು ಬಂದು ಕೇಳಿದರೆ ಕೊಡಲಿಲ್ಲ.

ನಾಚಿಕೆಯಾಗಿ ಬರೆಯಲಿಲ್ಲ ನಾನು. ನಿಮ್ಮ ಪತ್ರ ಓದಿದ ದಿನ ಊಟ ಸೇರಲಿಲ್ಲ. ಆಮೇಲೆ ಸಿಟ್ಟು ಬಂತು. ನದೀಮ ಲಾರಿ ತಗೊಂಡು ತಿಂಗಳಲ್ಲಿ ಇಪ್ಪತ್ತು ದಿನ ಮನೆಯಲ್ಲಿರುವುದಿಲ್ಲ. ಅದಕ್ಕೆ ವರದಿಯಲ್ಲಿ ನೀವು ಕೊಟ್ಟ ಹೆಸರು ದುಡಿಮೆ. ನಾನು ಹೋದದ್ದಕ್ಕೆ ಕೊಡುವ ಹೆಸರು ಬಿಟ್ಟು ಹೋದಳು. ಗಂಡಸು ಹೊರಗೆ ಹೋದರೆ ದುಡಿಯಲು, ಹೆಂಗಸು ಹೋದರೆ ಮಗು ಬಿಟ್ಟು, ಹೌದೇ?

ಇದು ಬೇರೆ ಮಾತು, ಭಾಬಿ ಎಂಬುದು ಬೇರೆ ಮಾತು. ಗೋವಾದ ಬಗ್ಗೆ ನ್ಯಾಯಾಧೀಶರಿಗೆ ನಾನೇ ಹೇಳುತ್ತೇನೆ. ನೀವು ಆ ನಾಲ್ಕು ಸಾಲು ತಿದ್ದಿ. ಮುಂದಿನ ತಾರೀಖು ನವೆಂಬರ್ 5. ಅವತ್ತು ನ್ಯಾಯಾಧೀಶರು ಮಗುವನ್ನು ತಮ್ಮ ಕೋಣೆಗೆ ಕರೆದು ಮಾತಾಡಿಸುತ್ತಾರಂತೆ.

ಮೆಹರೀನ

*

ಮಕ್ಕಳ ಕ್ಷೇಮ ವರದಿ ಶಾಖೆ
6 ಅಕ್ಟೋಬರ್ 2025

ಮಾನ್ಯರೇ,

ತಮ್ಮ ಸಮಜಾಯಿಷಿಯನ್ನು ಕಡತಕ್ಕೆ ಸೇರಿಸಲಾಗಿದೆ. ಮೇಲಧಿಕಾರಿಗಳ ಅನುಮೋದನೆ ದೊರೆತ ನಂತರ ಪೂರಕ ವರದಿ ಕಳಿಸುವ ಬಗ್ಗೆ ಕ್ರಮ ವಹಿಸಲಾಗುವುದು.

ಮಹಾಬಳೇಶ್ವರ ಹೆಗಡೆ

ಕೆಳಗಿನದು ಕಡತಕ್ಕಲ್ಲ. ನಮ್ಮ ಗುಮಾಸ್ತ ಲಗಮಪ್ಪ ಹಳಿಯಾಳ ಕಡೆಯ ಸಾಂಬ್ರಾಣಿ ಊರಿನವನು. ನಿಮ್ಮ ಮನೆಗೆ ಬಂದವನೂ ಅವನೇ. ನಿಮ್ಮ ಪತ್ರ ಓದಿ ಕೇಳಿದೆ. “ಅಯ್ಯ ಸರ, ಇದೇನ ಹೊಸಾದು? ನಮ್ಮ ಮನ್ಯಾಗ ಹುಡುಗ್ರು ತಾಯಿಗೆ ವೈನಿ, ಅಂದ್ರ ಅತ್ತಿಗಿ, ಅಂತಾವು. ನನ್ನ ತಮ್ಮ ಅಂತಾನಲ್ಲ, ಅದಕ್ಕ. ಯಾರರೆ ಕೇಳಿದ್ರ ಹೇಳ್ತಿದ್ದೆ” ಎಂದ. ಅವನು ನನ್ನ ಎದುರಿನ ಮೇಜಿನಲ್ಲಿ ಆರು ವರ್ಷದಿಂದ ಕೂತಿದ್ದಾನೆ. ಯಾರೂ ಕೇಳಲಿಲ್ಲ. ವರದಿಯಲ್ಲಿ ತಪ್ಪಾಗಿರುವ ಸಾಧ್ಯತೆ ಇದೆ.

*

ಹಳೇ ದಾಂಡೇಲಿ
8 ನವೆಂಬರ್ 2025

ಹೆಗಡೆ ಸಾಹೇಬರೇ,

ಐದನೇ ತಾರೀಖು ಆಗಿಹೋಯಿತು. ನಿಮ್ಮ ಪೂರಕ ವರದಿ ಬರಲೇ ಇಲ್ಲ. ನದೀಮನ ವಕೀಲರು ಹಳೆಯದನ್ನೇ ಗಟ್ಟಿಯಾಗಿ ಓದಿದರು. “ಭಾಬಿ ಎಂದರೆ ಅತ್ತಿಗೆ” ಎಂಬಲ್ಲಿ ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ನನ್ನ ವಕೀಲರು ಎದ್ದು ಹೇಳಿದರು, ಅವರ ಮಾತನ್ನೂ ಬರೆದುಕೊಂಡರು. ಆದರೆ ವರದಿ ಸರಕಾರದ್ದು, ಸಿಕ್ಕಾ ಮೊಹರು ಇರುವಂಥದ್ದು. ನಮ್ಮದು ಬರೀ ಬಾಯಿಮಾತು.

ಉಜ್ಮಾ ನ್ಯಾಯಾಧೀಶರ ಕೋಣೆಗೆ ಹೋಗಿ ಹತ್ತು ನಿಮಿಷಕ್ಕೆ ಹೊರಗೆ ಬಂದಳು. ಕೊನೆಗೆ ನನ್ನನ್ನೂ ಒಂದು ಗಳಿಗೆ ಒಳಗೆ ಕರೆದಿದ್ದರು. ಅದರ ಬಗ್ಗೆ ಈಗ ಬರೆಯಲಾರೆ.

ನೀವು ಲಗಮಪ್ಪನವರ ಮನೆಯ ಮಾತು ಬರೆದಿರಿ, ಅದನ್ನು ಓದಿ ಅಪ್ಪ ಮೊದಲ ಸಲ ನಕ್ಕರು. “ಈ ಹೆಗಡೇರು ಚಲೋ ಮನಶಾ ಅದಾರ. ಆ ಛತ್ರಿ ಸಾಹೇಬನ ಹಂಗಲ್ಲ” ಎಂದರು. ನನಗೂ ಹಾಗೇ ಅನಿಸಿದೆ. ನೀವಾದರೂ ಆ ಛತ್ರಿ ಸಾಹೇಬರನ್ನು ಕರೆದು ನಾಲ್ಕು ಮಾತು ಕೇಳಿ. ಅವರು ಕೊಡಬೇಕಾದ ಲಿಖಿತ ವಿವರಣೆ ಏನಾಯಿತು? ನಾನು ದೂರು ಕೊಟ್ಟು ಐದು ತಿಂಗಳಾಯಿತು. ಅಂಥ ಏನು ಪುರಾಣ ಬರೆಯುತ್ತಿದ್ದಾರೆ?

ಶಾಲೆಯಲ್ಲಿ ಉಜ್ಮಾಗೆ ಹೊಸ ಗೆಳತಿಯರಾಗಿದ್ದಾರಂತೆ. ತಿಂಗಳಿಗೊಂದು ಭಾನುವಾರ ನಾನು ಹಳಿಯಾಳ, ಕಲಘಟಗಿಯಲ್ಲಿ ಬಸ್ಸು ಬದಲಿಸುತ್ತ ಮುಂಡಗೋಡಕ್ಕೆ ಹೋಗಿ ಎರಡು ತಾಸು ಕೂತು ಬರುತ್ತೇನೆ. ದಯವಿಟ್ಟು ಬೇಗ ಮಾಡಿ. ತೀರ್ಪಿನ ತಾರೀಖು ಡಿಸೆಂಬರ್‌ನಲ್ಲಿದೆ.

ಮೆಹರೀನ

*

ಮಕ್ಕಳ ಕ್ಷೇಮ ವರದಿ ಶಾಖೆ
12 ಜನವರಿ 2026

ಮಾನ್ಯರೇ,

ತಮ್ಮ ದೂರನ್ನು ಕೂಲಂಕಷವಾಗಿ ಪರಿಶೀಲಿಸಲಾಗಿ, ವರದಿಯ ನಾಲ್ಕನೇ ಪುಟದ ಅಂಶವು ಸ್ಥಳೀಯ ರೂಢಿಯ ಅರಿವಿಲ್ಲದೆ ದಾಖಲಾಗಿದ್ದು, ತಮ್ಮ ದೂರು ಸತ್ಯವೆಂದು ಕಂಡುಬಂದಿದೆ. ತಮಗಾದ ಅನಾನುಕೂಲಕ್ಕೆ ಈ ಕಚೇರಿ ವಿಷಾದಿಸುತ್ತದೆ. ದೂರನ್ನು ವಿಲೇವಾರಿ ಮಾಡಿ ಕಡತವನ್ನು ಮುಕ್ತಾಯಗೊಳಿಸಲಾಗಿದೆ.

ಮಹಾಬಳೇಶ್ವರ ಹೆಗಡೆ
ದೂರು ಅಧಿಕಾರಿ

*

ಹಳೇ ದಾಂಡೇಲಿ
16 ಜನವರಿ 2026

ಸಾಹೇಬರೇ,

ಡಿಸೆಂಬರ್ 18ಕ್ಕೆ ತೀರ್ಪು ಬಂದಿದೆ. ಮಗಳು ಮುಂಡಗೋಡದಲ್ಲೇ ಇರಬೇಕು. ನನಗೆ ಹದಿನೈದು ದಿನಕ್ಕೊಂದು ಭಾನುವಾರ. ನೀವು “ಸತ್ಯವೆಂದು ಕಂಡುಬಂದಿದೆ” ಎಂದು ಬರೆದದ್ದು ಅದರ ಇಪ್ಪತ್ತೈದನೇ ದಿನಕ್ಕೆ.

ತೀರ್ಪಿನ ಪ್ರತಿ ನನ್ನ ಮುಂದಿದೆ. “ಮಗುವು ಜೂನ್ ತಿಂಗಳಿನಿಂದ ಈಗಿನ ಶಾಲೆಯಲ್ಲಿ ಹೊಂದಿಕೊಂಡಿದ್ದು, ಅದನ್ನು ಕದಲಿಸುವುದು ಹಿತಕರವಲ್ಲ” ಎಂದಿದೆ. ಜೂನ್‌ನಲ್ಲೇ ಅಲ್ಲವೇ ನಾನು ನಿಮಗೆ ಮೊದಲ ಪತ್ರ ಬರೆದದ್ದು? ನಿಮ್ಮ ನಮೂನೆ, ನಿಮ್ಮ ಮೂರು ಪ್ರತಿ, ನಿಮ್ಮ ಅನುಮೋದನೆ ಎಂದು ದಿನ ಕಳೆದಿರಿ. ನೀವು ಕಳೆದ ಒಂದೊಂದು ದಿನವೂ ನನ್ನ ವಿರುದ್ಧದ ಸಾಕ್ಷಿಯಾಯಿತು. ಇದಕ್ಕೆ ನಿಮ್ಮ ಭಾಷೆಯಲ್ಲಿ ಅನಾನುಕೂಲ ಎನ್ನುತ್ತಾರೇ? ಬಸ್ಸು ತಪ್ಪಿದರೆ ಅನಾನುಕೂಲ. ನೀರು ಬರದಿದ್ದರೆ ಅನಾನುಕೂಲ.

“ತಾಯಿಯನ್ನು ತೋರಿಸಿ ಇವರು ಯಾರೆಂದು ಕೇಳಿದಾಗ ಮಗು ಮೌನವಾಗಿತ್ತು, ಇದು ವರದಿಯೊಂದಿಗೆ ತಾಳೆಯಾಗುತ್ತದೆ” ಎಂದೂ ಇದೆ.

ಕಡತ ಮುಚ್ಚಿದ್ದೀರಿ. ನಾನು ಮುಚ್ಚಿಲ್ಲ. ಧಾರವಾಡದ ಹೈಕೋರ್ಟಿಗೆ ಅಪೀಲು ಹಾಕುತ್ತಿದ್ದೇನೆ. ಆ ವರದಿ ಬರೆದವರ ಹೆಸರು, ಹುದ್ದೆ ಬೇಕು. ಈ ಸಲ “ವರದಿಯಲ್ಲಿ ಇರ್ತದೆ” ಎನ್ನಬೇಡಿ.

ಮೆಹರೀನ

*

ಕುಮಟಾ
23 ಜನವರಿ 2026

ಮೆಹರೀನ ಅವರಿಗೆ,

ಇದನ್ನು ಮನೆಯಿಂದ ಬರೆಯುತ್ತಿದ್ದೇನೆ. ಸಿಕ್ಕಾ ಇಲ್ಲ.

ವರದಿ ಬರೆದವನು ನಾನು. ಹಳದಿ ಛತ್ರಿ ನನ್ನದು. ಶಾಖೆಯಲ್ಲಿ ಅಧಿಕಾರಿಗಳ ಹುದ್ದೆ ಎರಡು, ಒಂದು ಖಾಲಿ. ಹಾಗಾಗಿ ವರದಿಯನ್ನೂ ನಾನೇ ಬರೆಯುತ್ತೇನೆ, ಅದರ ಮೇಲಿನ ದೂರಿಗೂ ನಾನೇ ಉತ್ತರಿಸುತ್ತೇನೆ. “ಸಿಬ್ಬಂದಿಯಿಂದ ವಿವರಣೆ ಕೇಳಲಾಗಿದೆ” ಎಂದು ನಿಮಗೆ ಬರೆದೆ. ನಾನು ನನ್ನನ್ನೇ ಕೇಳಿಕೊಂಡದ್ದು. ಉತ್ತರ ಬರೆಯಲು ಕೂತಾಗಲೆಲ್ಲ ಬೇರೆ ಕಡತ ಎತ್ತಿಕೊಳ್ಳುತ್ತಿದ್ದೆ.

ಆ ದಿನ ಸಂಜೆಯೊಳಗೆ ಜೋಯಿಡಾ ತಲುಪಬೇಕಿತ್ತು, ಜೀಪು ಕಾಯುತ್ತಿತ್ತು. ಮಗು ಭಾಬಿ ಎಂದದ್ದು ಕೇಳಿಸಿತು. ನನಗೆ ಹಿಂದಿ ಬರುತ್ತದೆ ಎಂಬ ಜಂಬ ಇದೆ. ಅರ್ಥ ಗೊತ್ತಿದೆ ಎಂದುಕೊಂಡು ಬರೆದೆ. ನೀವು ಆಯಿಯ ಮಾತು ಬರೆದ ಪತ್ರ ಬಂದ ದಿನವೇ ತಪ್ಪು ತಿಳಿಯಿತು, ಅಂದರೆ ಜುಲೈನಲ್ಲಿ. ಅವತ್ತೇ ಕೋರ್ಟಿಗೆ ಒಂದು ಪುಟ ಕಳಿಸಬಹುದಿತ್ತು, ಯಾರ ಅನುಮೋದನೆಯೂ ಬೇಕಿರಲಿಲ್ಲ. ಫೆಬ್ರುವರಿ ಕೊನೆಗೆ ನನ್ನ ನಿವೃತ್ತಿ. ಸೇವಾ ಪುಸ್ತಕದಲ್ಲಿ ಕಪ್ಪು ಚುಕ್ಕೆ ಬೇಡ ಎಂದು ಹೆದರಿದೆ.

ನಿಮ್ಮ ತಂದೆ ನನ್ನನ್ನು ಒಳ್ಳೆಯವನು ಎಂದದ್ದನ್ನು ಓದಿ ಬಹಳ ಸಂಕಟವಾಯಿತು. ಆಗಲೂ ಸುಮ್ಮನಿದ್ದೆ. ಧಾರವಾಡಕ್ಕೆ ನಿಮ್ಮ ವಕೀಲರು ಕರೆದರೆ ಬರುತ್ತೇನೆ. ಏನು ಹೇಳಬೇಕೋ ಹೇಳುತ್ತೇನೆ. ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ.

ಮಹಾಬಳೇಶ್ವರ

*

ಹಳೇ ದಾಂಡೇಲಿ
3 ಫೆಬ್ರುವರಿ 2026

ಹೆಗಡೆಯವರೇ,

ನಿಮ್ಮ ಪತ್ರ ಬಂತು. ಅಪ್ಪ “ಏನ ಬರದಾರ?” ಎಂದರು. ಓದಿ ಹೇಳಿದೆ. “ಎರಡೂ ಮನಶಾ ಒಬ್ಬನ?” ಎಂದು ಗೋಡೆ ಕಡೆ ತಿರುಗಿ ಮಲಗಿದರು. ಕ್ಷಮಿಸುವ ಪತ್ರ ಅಲ್ಲ ಇದು. ಕ್ಷಮಿಸಲು ನನಗೆ ಬಂದಿಲ್ಲ. ಜುಲೈ ಎಂದು ನೀವೇ ಬರೆದಿದ್ದೀರಿ, ಅದನ್ನು ಎಷ್ಟು ಸಲ ಓದಿದರೂ ಜುಲೈ ಎಂದೇ ಇದೆ.

ಕೋರ್ಟಿಗೆ ಕೊಡಲು ನಿಮ್ಮಿಂದ ಪ್ರಮಾಣಪತ್ರ ಬೇಕು ಎಂದು ವಕೀಲರು ಹೇಳಿದ್ದಾರೆ. ಅದರಲ್ಲಿ ಕಂಡುಬಂದಿದೆ, ಕೇಳಲಾಗಿದೆ, ವಹಿಸಲಾಗಿದೆ ಎಂದೆಲ್ಲ ಬೇಡ. ಯಾರು ಕಂಡರು, ಯಾರು ಕೇಳಲಿಲ್ಲ ಎಂದು ನಿಮ್ಮ ಹೆಸರು ಹಾಕಿ ಬರೆಯಿರಿ.

ನಾನೂ ಒಂದು ಮಾತು ನಿಮ್ಮಿಂದ ಮುಚ್ಚಿಟ್ಟಿದ್ದೆ. ವಕೀಲರಿಗೆ ಮೊನ್ನೆ ಹೇಳಿದೆ, ಈಗ ನಿಮಗೆ. ಅಕ್ಟೋಬರ್‌ನಲ್ಲಿ ಭೇಟಿಗೆ ಹೋದಾಗ, ನ್ಯಾಯಾಧೀಶರ ಮುಂದೆ ಇವಳು ಮತ್ತೆ ಭಾಬಿ ಎಂದರೆ ಎಲ್ಲ ಮುಗಿಯಿತು ಎಂದು ಹೆದರಿ, ಅವಳನ್ನು ಮಡಿಲಲ್ಲಿ ಕೂಡಿಸಿಕೊಂಡು ಹೇಳಿಕೊಟ್ಟೆ: “ಇನ್ನ ಮ್ಯಾಲೆ ಭಾಬಿ ಅನ್ಬ್ಯಾಡ, ಅಮ್ಮಿ ಅನ್ನು. ಭಾಬಿ ಅಂದ್ರ ನಿನ್ನ ನನಗ ಕೊಡೂದಿಲ್ಲ ಅವ್ರು.” ಎರಡು ತಾಸು ಅದನ್ನೇ ಅನ್ನಿಸಿದೆ. ಅವಳಿಗೆ ಆಟ ಅನಿಸಲಿಲ್ಲ, ಹೆದರಿಕೆಯಾಯಿತು. ಕೋಣೆಯಲ್ಲಿ ನ್ಯಾಯಾಧೀಶರು ನನ್ನನ್ನು ತೋರಿಸಿ, “ಇವರು ಯಾರಮ್ಮ?” ಎಂದು ಕೇಳಿದರು. ಅವಳು ಬಾಯಿ ತೆರೆದಳು, ನನ್ನ ಮುಖ ನೋಡಿದಳು, ಬಾಯಿ ಮುಚ್ಚಿದಳು. ಯಾವುದು ಅಂದರೆ ಸರಿ, ಯಾವುದು ಅಂದರೆ ತಪ್ಪು ಅವಳಿಗೆ ತಿಳಿಯಲಿಲ್ಲ. ನ್ಯಾಯಾಧೀಶರು ಅದನ್ನೇ ಮೌನ ಎಂದು ಬರೆದರು.

ಮೊನ್ನೆ ಭಾನುವಾರ ಹೋಗಿದ್ದೆ. ಆಡುತ್ತಿದ್ದವಳು ಓಡಿ ಬಂದಳು, ಬಂದು ಎದುರಿಗೆ ನಿಂತಳು. ಅಮ್ಮಿ ಎನ್ನಲಿಲ್ಲ. ಭಾಬಿ ಅಂತೂ ಎನ್ನಲೇ ಇಲ್ಲ. “ಏನಾರ ಅನ್ನವಾ, ಏನಂದ್ರೂ ನಡೀತೈತಿ” ಎಂದೆ. ತಲೆ ಅಲ್ಲಾಡಿಸಿದಳು. ಎರಡು ತಾಸು ನನ್ನ ಮಗ್ಗುಲಲ್ಲೇ ಕೂತು ಎಲ್ಲ ಮಾತಾಡಿದಳು, ಶಾಲೆಯದು, ಗೆಳತಿಯರದು, ಹಲ್ಲು ಅಲುಗುವುದು. ನನ್ನನ್ನು ಕರೆಯಬೇಕಾದಾಗ ಮಾತ್ರ ಓಢಣಿಯ ತುದಿ ಹಿಡಿದು ಜಗ್ಗುತ್ತಿದ್ದಳು.

ಧಾರವಾಡದಲ್ಲಿ ಇದನ್ನೂ ಹೇಳಿ.

ಮೆಹರೀನ